ರೈತನಿಗೆ ಮಸಿ ಕೋವಿ, ಶೋಕಿದಾರನಿಗೆ ದುರ್ಬೀನು!

ಕಾಡುಹಂದಿಯ ಹಾವಳಿಗೆ ಪರಿಹಾರ ಸಿಕ್ಕಿತಂತೆ! ಕ್ಲಬ್ಬಿನ ಜಗಲಿಯಲ್ಲಿ ಕುಳಿತು ಕಾಫಿ ಹೀರುವ ಕೆಲವು ಎಸ್ಟೇಟು ಮಹನೀಯರು ಈಚೆಗೆ ಮಲೆನಾಡಿನ ರೈತನಿಗೆ ಪುಕ್ಕಟೆ ಉಪದೇಶ ಕೊಡತೊಡಗಿದ್ದಾರೆ. ರೈತ ಹಳೆಯ ಕೋವಿಯನ್ನು ನೆಚ್ಚಿಕೊಂಡು ಕೂತಿರುವುದೇ ತಪ್ಪಂತೆ. ಅಮೆರಿಕದವರಂತೆ ದಪ್ಪ ನಳಿಗೆಯ ರೈಫಲ್ ಹಿಡಿದು, ಅದರ ಮೇಲೆ ಇಪ್ಪತ್ತು ಪಟ್ಟು ದೊಡ್ಡದಾಗಿ ತೋರಿಸುವ ದುರ್ಬೀನು ಕೂರಿಸಿದರೆ ಹಂದಿಯ ಕಾಟ ಒಂದೇ ವರ್ಷದಲ್ಲಿ ತೀರುವುದಂತೆ.

ಈ ಉಪದೇಶವನ್ನು ನಕ್ಕು ಬಿಟ್ಟುಬಿಡಬಹುದಿತ್ತು. ಆದರೆ ಇದನ್ನು ನಂಬುವ ತರುಣರು ನಮ್ಮ ಹಳ್ಳಿಗಳಲ್ಲೇ ಇದ್ದಾರೆ. ಆದ್ದರಿಂದ ಒಂದಿಷ್ಟು ಲೆಕ್ಕ ಮಾಡಿ ನೋಡೋಣ.

ದಪ್ಪ ನಳಿಗೆ ಹುಟ್ಟಿದ್ದು ಯಾತಕ್ಕೆ? ಅಮೆರಿಕದ ಬಯಲು ಹುಲ್ಲುಗಾವಲಿನಲ್ಲಿ ಅಳಿಲಿನ ಜಾತಿಗೆ ಸೇರಿದ ಪ್ರೇರಿ ಡಾಗ್ ಎಂಬ ಪ್ರಾಣಿಯಿದೆ; ತೂಕ ಸುಮಾರು ಒಂದು ಕಿಲೋ. ಅದನ್ನು ಇನ್ನೂರು ಮುನ್ನೂರು ಗಜ ದೂರದಿಂದ, ಹಗಲು ಹೊತ್ತಿನಲ್ಲಿ, ಮೇಜಿನ ಮೇಲೋ ಕವಲುಗಾಲಿನ ಮೇಲೋ ರೈಫಲ್ ಇಟ್ಟುಕೊಂಡು ಹೊಡೆಯುತ್ತಾರೆ. ಒಂದಾದ ಮೇಲೊಂದು ಈಡು ಹಾರಿಸಿದಾಗ ತೆಳು ನಳಿಗೆ ಬೇಗ ಕಾಯುತ್ತದೆ. ಕಾದಂತೆ ಗುಂಡು ಬೀಳುವ ಜಾಗ ಸರಿಯುತ್ತದೆ. ದಪ್ಪ ನಳಿಗೆ ನಿಧಾನವಾಗಿ ಕಾಯುತ್ತದೆ, ಕಡಿಮೆ ಅದುರುತ್ತದೆ. ನಳಿಗೆಯ ದಪ್ಪವನ್ನು ಐದರಲ್ಲೊಂದು ಪಾಲು ಹೆಚ್ಚಿಸಿದರೆ ಬಾಗದಿರುವ ಗುಣ ಎರಡರಷ್ಟಾಗುತ್ತದೆ, ತೂಕ ಹೆಚ್ಚುಕಡಿಮೆ ಒಂದೂವರೆ ಪಟ್ಟಾಗುತ್ತದೆ. ಗಣಿತ ಸರಿಯಾಗಿಯೇ ಇದೆ, ಅವರ ಕೆಲಸಕ್ಕೆ ಆ ನಳಿಗೆಯೂ ಸರಿ. ಕುಳಿತು ಹೊಡೆಯುವವನಿಗೆ ದುರ್ಬೀನೂ ಸೇರಿ ನಾಲ್ಕೂವರೆ ಐದು ಕಿಲೋ ಆದರೇನು, ಹೊರುವುದು ಮೇಜು ತಾನೆ!

ನಮ್ಮವನ ಕೆಲಸವೇ ಬೇರೆ. ಅವನು ರಾತ್ರಿ ಮಾಳದಿಂದ ಇಳಿದು, ಒಂದು ಕೈಯಲ್ಲಿ ಬ್ಯಾಟರಿ, ಇನ್ನೊಂದರಲ್ಲಿ ಕೋವಿ ಹಿಡಿದು, ಜಾರುವ ಬದುವಿನ ಮೇಲೆ ನಡೆಯಬೇಕು. ಹಂದಿ ಕಣ್ಣಿಗೆ ಬಿದ್ದಾಗ ಅದು ಇಪ್ಪತ್ತು ಮೂವತ್ತು ಹೆಜ್ಜೆಯಲ್ಲಿರುತ್ತದೆ. ಅಲ್ಲಿ ಇಪ್ಪತ್ತು ಪಟ್ಟಿನ ದುರ್ಬೀನಿನಲ್ಲಿ ನೋಡಿದರೆ ಕಾಣುವುದು ಹಂದಿಯಲ್ಲ, ಹಂದಿಯ ಒಂದು ಹಿಡಿ ಕೂದಲು. ಅದೂ ಕಂಡರೆ ಪುಣ್ಯ! 40 ಮಿಲಿಮೀಟರ್ ಗಾಜಿನ ದುರ್ಬೀನನ್ನು 20 ಪಟ್ಟಿಗೆ ಏರಿಸಿದರೆ ಕಣ್ಣಿಗೆ ಬರುವ ಬೆಳಕಿನ ಅಗಲ 2 ಮಿಲಿಮೀಟರ್ ಮಾತ್ರ. ಕತ್ತಲಲ್ಲಿ ನಮ್ಮ ಕಣ್ಣಿನ ಪಾಪೆ 5ರಿಂದ 7 ಮಿಲಿಮೀಟರ್ ಅರಳಿರುತ್ತದೆ. ಎಂದರೆ ಹಣ ಕೊಟ್ಟು ಕತ್ತಲೆಯನ್ನು ಕೊಂಡಂತಾಯಿತು. 32 ಮಿಲಿಮೀಟರಿನ ನಾಲ್ಕು ಪಟ್ಟಿನ ದುರ್ಬೀನಾದರೆ 8 ಮಿಲಿಮೀಟರ್ ಬೆಳಕು ಬರುತ್ತದೆ. ಮುಸ್ಸಂಜೆಗೆ ಅದೇ ಮೇಲು. ಮೂವತ್ತು ಹೆಜ್ಜೆಗೆ ಅದೂ ಬೇಡ. ನಳಿಗೆಯ ತುದಿಯ ಮಣಿ ಕಂಡರೆ ಸಾಕು.

ಗುಂಡಿನ ಮಾತು ಇನ್ನೂ ಕೆಟ್ಟದ್ದು. ಅಂಥ ರೈಫಲ್ಲಿನ ಗುಂಡು ಮೂರು ಮೂರೂವರೆ ಗ್ರಾಂ ತೂಗುತ್ತದೆ. ಅಳಿಲಿಗೆ ಅದು ಯಮ. ಕ್ವಿಂಟಾಲು ತೂಗುವ ಹಂದಿಗೆ ಅದು ಗಾಯ. ಗಾಯಗೊಂಡ ಹಂದಿ ಯಾರ ಮೇಲೆ ತಿರುಗುತ್ತದೆಂಬುದನ್ನು ಕ್ಲಬ್ಬಿನವರಿಗೆ ಹೇಳಬೇಕು, ನಮ್ಮವರಿಗಲ್ಲ. ಗುರಿ ತಪ್ಪಿತೋ, ಆ ಗುಂಡು ಎರಡು ಕಿಲೋಮೀಟರಿಗೂ ಮೀರಿ ಹೋಗಬಲ್ಲುದು. ನಮ್ಮ ಮನೆಗಳು ಸಾಲಾಗಿಲ್ಲ, ಗುಡ್ಡಕ್ಕೊಂದು, ತೋಟಕ್ಕೊಂದು. ಅಡಿಕೆ ಮರಗಳ ಆಚೆ ಯಾರ ಹಟ್ಟಿಯಿದೆ, ಯಾರು ಮಾಳ ಕಾಯುತ್ತಿದ್ದಾರೆ ಎಂದು ದುರ್ಬೀನು ಹೇಳುವುದಿಲ್ಲ. ಚರೆಯ ಈಡಾದರೋ ಮೂವತ್ತು ನಲವತ್ತು ಹೆಜ್ಜೆಯಲ್ಲಿ ಕೆಲಸ ಮಾಡುತ್ತದೆ, ಕೆಲವು ನೂರು ಗಜದಲ್ಲಿ ಅದರ ಶಕ್ತಿ ಮುಗಿದುಹೋಗುತ್ತದೆ. ಆದುದರಿಂದ ಮಲೆನಾಡಿನ ಬೆಳೆಗಾರನಿಗೆ ತಕ್ಕ ಆಯುಧ ಮೂರು ಕಿಲೋ ಆಸುಪಾಸಿನ ಒಂಟಿ ನಳಿಗೆಯ ತೋಟಾ ಕೋವಿ. ರೈಫಲ್ ನಮಗೆ ಬೇಡವೇ ಬೇಡ.

ಹಾಗಾದರೆ ತೋಟಾ ಕೋವಿ ಹಿಡಿಯಲು ಅಡ್ಡಿ ಯಾರದು? ಇಲ್ಲಿಗೆ ಬಂದರೆ ನಮ್ಮ ಮಹನೀಯರು ಮೌನ.

1959ರ ಶಸ್ತ್ರಾಸ್ತ್ರ ಕಾಯಿದೆಯ 13ನೆಯ ಕಲಮಿನ 3ನೆಯ ಉಪಕಲಮನ್ನು ಓದಿ ನೋಡಿ. ಆತ್ಮರಕ್ಷಣೆಗೋ ಕ್ರೀಡೆಗೋ ಕೋವಿ ಕೇಳುವವನಿಗೆ 20 ಅಂಗುಲಕ್ಕೆ ಕಡಿಮೆಯಿಲ್ಲದ ನುಣುಪು ನಳಿಗೆಯ ಕೋವಿಗೆ ಲೈಸೆನ್ಸು. ಬೆಳೆರಕ್ಷಣೆಗೆ ಕೇಳುವವನಿಗೆ? ಬಾಯಿಂದ ಮದ್ದು ತುಂಬುವ ಕೋವಿ! ನಮ್ಮ ಕಡೆ ಕೇಪಿನ ಕೋವಿ, ಮಸಿ ಕೋವಿ ಎನ್ನುತ್ತಾರಲ್ಲ, ಅದೇ. ಮಸಿ ಸುರಿದು, ಬತ್ತಿ ತುರುಕಿ, ಗಜ ಹಾಕಿ ಜಡಿದು, ಚರೆ ಬಿಟ್ಟು, ಮತ್ತೆ ಜಡಿದು, ಕೇಪು ಕೂರಿಸುವಷ್ಟರಲ್ಲಿ ಹಂದಿಯ ಹಿಂಡು ಗದ್ದೆ ಮುಗಿಸಿ ಬಾಳೆಗೆ ಹೋಗಿರುತ್ತದೆ. ಮಳೆಗಾಲದ ತೇವಕ್ಕೆ ಮಸಿ ಹಸಿಯಾಗಿ ಕೇಪು ಚಟ್ಟೆಂದು ಸುಮ್ಮನಾಗುವುದೂ ಉಂಟು. ಕಾಯಿದೆ ರೈತನಿಗೆಂದು ಬರೆದ ಆಯುಧ ಇದು. ತಮಾಷೆ ಇನ್ನೊಂದಿದೆ. 1972ರ ವನ್ಯಜೀವಿ ಕಾಯಿದೆಗೆ 1991ರಲ್ಲಿ ತಿದ್ದುಪಡಿಯಾಗಿ ಶೋಕಿಯ ಶಿಕಾರಿಗೆ ಲೈಸೆನ್ಸು ಕೊಡುವುದೇ ನಿಂತುಹೋಯಿತು. ಆದರೂ ಕ್ರೀಡೆಯ ಹೆಸರು ಹೇಳಿದವನಿಗೆ ಒಳ್ಳೆಯ ನಳಿಗೆ, ಅನ್ನ ಬೆಳೆಯುವವನಿಗೆ ಮಸಿಯ ನಳಿಗೆ ಎಂಬ ಭೇದ ಹಾಗೆಯೇ ಉಳಿದಿದೆ. ಗೇಣಿ ಅಳೆದುಕೊಳ್ಳಲು ಒಡೆಯನಿಗೆ ದೊಡ್ಡ ಕೊಳಗ, ಕೊಡುವಾಗ ಚಿಕ್ಕ ಕೊಳಗ ಎಂಬ ಅನ್ಯಾಯದ ವಿರುದ್ಧ 1951ರಲ್ಲಿ ಕಾಗೋಡಿನ ಗೇಣಿದಾರರು ಎದ್ದು ನಿಂತಿದ್ದರು. ಇದು ನಳಿಗೆಯ ಕೊಳಗ.

ಅದೇ ಕಲಮಿಗೆ ಒಂದು ಪರಂತು ಇದೆ. ಬೆಳೆರಕ್ಷಣೆಗೆ ಮಸಿ ಕೋವಿ ಸಾಲದೆಂದು ಮನವರಿಕೆಯಾದರೆ ಲೈಸೆನ್ಸು ಕೊಡುವ ಅಧಿಕಾರಿ ಬೇರೆ ನುಣುಪು ನಳಿಗೆಯ ಕೋವಿಗೆ ಅನುಮತಿ ಕೊಡಬಹುದು. "ಕೊಡಬಹುದು" ಎಂಬ ಈ ಒಂದು ಶಬ್ದದ ಬೆಲೆ ಕಚೇರಿಯ ಮೆಟ್ಟಿಲು ಹತ್ತಿಳಿದವನಿಗೆ ಗೊತ್ತು. ತೋಟಾ ಕೋವಿ ಸಿಕ್ಕಿದ ಬೆಳೆಗಾರರು ಇದ್ದಾರೆ, ಇಲ್ಲವೆನ್ನುವುದಿಲ್ಲ. ಆದರೆ ಬೆಳೆರಕ್ಷಣೆಯ ಅರ್ಜಿಯಲ್ಲಿ ಸಾಗುವಳಿ ಜಮೀನಿನ ವಿವರ ಕೇಳುತ್ತಾರೆ. ಪಹಣಿಯಿಲ್ಲದ ಬಗರ್ ಹುಕುಂ ಸಾಗುವಳಿದಾರ ಏನನ್ನು ತೋರಿಸಬೇಕು? ಹಂದಿ ಪಹಣಿ ನೋಡಿ ಗದ್ದೆಗೆ ಇಳಿಯುತ್ತದೆಯೇ? 1974ರ ಭೂಸುಧಾರಣೆಯಲ್ಲಿ ಉಳುವವನಿಗೆ ಭೂಮಿ ಬಂತು. ಎಷ್ಟೋ ಊರಿನಲ್ಲಿ ಕೋವಿ ಮಾತ್ರ ಹಳೆಯ ಒಡೆಯರ ಗೋಡೆಯ ಮೇಲೆಯೇ ಉಳಿಯಿತು.

ಇನ್ನು ಚುನಾವಣೆ ಬಂದರೆ ಈ ಕೋವಿಯೂ ಠಾಣೆಗೆ. 2024ರ ಲೋಕಸಭಾ ಚುನಾವಣೆಯಲ್ಲಿ ನೀತಿಸಂಹಿತೆ ಮಾರ್ಚ್ 16ರಿಂದ ಜೂನ್ ಮೊದಲ ವಾರದವರೆಗೆ ಇತ್ತು. ಎರಡೂವರೆ ತಿಂಗಳಿಗೂ ಹೆಚ್ಚು! ಎಲ್ಲರ ಕೋವಿಯನ್ನೂ ಕಸಿಯಬೇಕೆಂದು ಚುನಾವಣಾ ಆಯೋಗ ಹೇಳಿಲ್ಲ. ಜಿಲ್ಲೆಯ ಪರಿಶೀಲನಾ ಸಮಿತಿ ಒಬ್ಬೊಬ್ಬರ ವಿಷಯವನ್ನೂ ನೋಡಿ, ಜಾಮೀನಿನ ಮೇಲಿರುವವರು, ಅಪರಾಧದ ಹಿನ್ನೆಲೆಯವರು, ಗಲಭೆಯಲ್ಲಿ ಸಿಕ್ಕಿಬಿದ್ದವರು ಯಾರೆಂದು ವಿಂಗಡಿಸಬೇಕು. ಆದರೆ ವಿಂಗಡಿಸುವುದಕ್ಕಿಂತ ಎಲ್ಲರಿಗೂ ಒಂದೇ ನೋಟೀಸು ಕಳಿಸುವುದು ಸುಲಭ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದಲೇ ವಿನಾಯಿತಿಯಿದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. ಅಲ್ಲಿ ಆಕಾಶವೇನೂ ಕಳಚಿ ಬಿದ್ದಿಲ್ಲ.

ಕೋವಿ ಸಿಕ್ಕ ಮಾತ್ರಕ್ಕೆ ಹಂದಿ ಹೊಡೆಯಬಹುದೆಂದು ಯಾರೂ ತಿಳಿಯಬಾರದು. ವನ್ಯಜೀವಿ ಕಾಯಿದೆಯ 11ನೆಯ ಕಲಮಿನಂತೆ ಬೆಳೆ ಹಾಳುಮಾಡುವ ಪ್ರಾಣಿಯನ್ನು ಕೊಲ್ಲಲು ಅಧಿಕಾರಿಯ ಲಿಖಿತ ಆಜ್ಞೆ ಬೇಕು. ಆಜ್ಞೆಯಿಲ್ಲದೆ ಕೊಂದರೆ ಮೂರು ವರ್ಷದವರೆಗೆ ಸೆರೆ, ಇಲ್ಲವೆ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಆಜ್ಞೆ ಬರುವಷ್ಟರಲ್ಲಿ ಕೊಯ್ಲು ಮುಗಿದಿರುತ್ತದೆ, ಕೊಯ್ಯಲು ಏನಾದರೂ ಉಳಿದಿದ್ದರೆ. ದಾರಿ ಕಾಣದವನು ಬೇಲಿಗೆ ಕರೆಂಟು ಹರಿಸುತ್ತಾನೆ, ಉರುಳು ಒಡ್ಡುತ್ತಾನೆ. ಆ ತಂತಿಗೆ ಆನೆಯೂ ಸಾಯುತ್ತದೆ, ದನವೂ ಸಾಯುತ್ತದೆ, ನೀರು ಕಟ್ಟಲು ಹೋದ ಕೂಲಿಯವನೂ ಸಾಯುತ್ತಾನೆ. ಕೇರಳದಲ್ಲಿ 2022ರಲ್ಲಿ ಪಂಚಾಯಿತಿ ಅಧ್ಯಕ್ಷರಿಗೇ ಈ ಆಜ್ಞೆಯ ಅಧಿಕಾರ ಕೊಟ್ಟರು. ಬಿಹಾರದಲ್ಲಿ ಇನ್ನೊಂದು ದಾರಿ ಹಿಡಿದರು: ನೀಲಗಾಯಿಯನ್ನು ಉಪದ್ರವಿ ಪ್ರಾಣಿಯೆಂದು ಸಾರಿ, 2016ರಲ್ಲಿ ಹೈದರಾಬಾದಿನಿಂದ ಶಿಕಾರಿಗಳನ್ನು ಕರೆಸಿ, ಮೊಕಾಮಾದ ಹೊಲಗಳಲ್ಲಿ ಇನ್ನೂರಕ್ಕೂ ಹೆಚ್ಚು ನೀಲಗಾಯಿಗಳನ್ನು ಕೆಡವಿಸಿದರು. ನಮ್ಮ ಕ್ಲಬ್ಬಿನವರ ಕಣ್ಣು ಇರುವುದು ಆ ಎರಡನೆಯ ದಾರಿಯ ಮೇಲೆ. ರೈತನ ಹೆಸರಿನಲ್ಲಿ ಮತ್ತೆ ಶಿಕಾರಿಯ ಬಾಗಿಲು ತೆರೆಸುವ ಆಸೆ ಅವರಿಗೆ. ಹಾಗಿಲ್ಲದಿದ್ದರೆ ಮೂವತ್ತು ಹೆಜ್ಜೆಯ ಹಂದಿಗೆ ಮುನ್ನೂರು ಗಜದ ದುರ್ಬೀನು ಏಕೆ?

ನಾವು ಕೇಳುವುದು ಇಷ್ಟೇ. ಅರ್ಜಿ ಹಾಕಿದ ಸಣ್ಣ ಬೆಳೆಗಾರನಿಗೆ ಪರಂತುವಿನ ಪ್ರಕಾರ ತೋಟಾ ಕೋವಿ ಕೊಡಿ. ಕೊಡದಿದ್ದರೆ ಕಾರಣವನ್ನು ಬರೆದು ಕೊಡಿ. ಬಗರ್ ಹುಕುಂ ಸಾಗುವಳಿಯನ್ನು ಗ್ರಾಮ ಪಂಚಾಯಿತಿ ದೃಢೀಕರಿಸಿದರೆ ಒಪ್ಪಿಕೊಳ್ಳಿ. ಚುನಾವಣೆಯಲ್ಲಿ ಬೆಳೆರಕ್ಷಣೆಯ ಕೋವಿಯನ್ನು ಹೆಸರು ಹಿಡಿದು ಪರಿಶೀಲಿಸದೆ ಮುಟ್ಟಬೇಡಿ. ಹಂದಿಯ ಬಗೆಗಿನ ಆಜ್ಞೆ ಪಂಚಾಯಿತಿಯ ಮಟ್ಟದಲ್ಲೇ ಎರಡು ದಿನದೊಳಗೆ ದೊರೆಯಲಿ.

ಪಕ್ಷದ ತಾಲ್ಲೂಕು ಸಮಿತಿಯವರು ಬರುವ ವಾರದಿಂದ ಹೋಬಳಿ ಹೋಬಳಿಗೆ ಬರುತ್ತಾರೆ. ಲೈಸೆನ್ಸು ಇರುವವರು ಅದರ ನಕಲನ್ನೂ, ಅರ್ಜಿ ತಿರಸ್ಕೃತವಾದವರು ಕಚೇರಿಯ ಉತ್ತರವನ್ನೂ, ಉತ್ತರವೇ ಬಾರದವರು ಅರ್ಜಿ ಕೊಟ್ಟ ತಾರೀಖನ್ನೂ ಬರೆದು ತರಬೇಕು. ಹಂದಿ ತಿಂದ ಗದ್ದೆಯ ಗುಂಟೆಯ ಲೆಕ್ಕವೂ ಇರಲಿ. ಎಲ್ಲವನ್ನೂ ಕಟ್ಟಿಕೊಂಡು ಜಿಲ್ಲಾಧಿಕಾರಿಗಳ ಕಚೇರಿಗೆ ಒಟ್ಟಿಗೇ ಹೋಗುವುದು.