ಒಡೆಯರಪಾಳ್ಯಕ್ಕೂ ಒಬ್ಬ ಗಗನಯಾತ್ರಿ

2019ರ ಸೆಪ್ಟೆಂಬರ್. ಚಂದ್ರಯಾನ-2 ಇಳಿಯಲು ಕೆಲವೇ ದಿನ ಬಾಕಿ. ಬೆಂಗಳೂರಿನ ಹೇರೋಹಳ್ಳಿಯ ಗುಂಡಿಬಿದ್ದ ರಸ್ತೆಯಲ್ಲಿ ಗಗನಯಾತ್ರಿಯೊಬ್ಬ ತೇಲುವಂತೆ ನಡೆದ. ವಿಡಿಯೊ ನೋಡಿದವರಿಗೆ ಅದು ಚಂದ್ರನ ನೆಲವೇ. ಪಕ್ಕದಲ್ಲಿ ಆಟೊ ಹಾದುಹೋದಾಗಲೇ ಗುಟ್ಟು ರಟ್ಟಾದದ್ದು. ಇದನ್ನು ರೂಪಿಸಿದವರು ಮೈಸೂರು ಮೂಲದ ಕಲಾವಿದ ಬಾದಲ್ ನಂಜುಂಡಸ್ವಾಮಿ, ವೇಷ ತೊಟ್ಟವರು ನಟ ಪೂರ್ಣಚಂದ್ರ ಮೈಸೂರು. ಪಾಲಿಕೆ ಕೂಡಲೇ ದುರಸ್ತಿಗಿಳಿಯಿತು. 2015ರಲ್ಲಿ ಸುಲ್ತಾನ್‌ಪಾಳ್ಯದ ಗುಂಡಿಯಲ್ಲಿ ಅವರು ಮೊಸಳೆಯ ಪ್ರತಿಕೃತಿ ಇಟ್ಟಾಗಲೂ ಹೀಗೇ ಆಗಿತ್ತು.

ಘೋಷಣೆಯಿಲ್ಲ, ಬೈಗುಳವಿಲ್ಲ. ಮನವಿ ಪತ್ರವನ್ನು ಕಡತದಲ್ಲಿಟ್ಟು ಮರೆಯಬಹುದು, ಊರೇ ನಕ್ಕರೆ ಮರೆಯುವುದು ಕಷ್ಟ. ಆದರೆ ಮುಚ್ಚಿದ್ದು ಗುಂಡಿ ಮಾತ್ರ. ಗುಂಡಿ ಬೀಳಿಸುವ ಕಳಪೆ ಕಾಮಗಾರಿಯ ಲೆಕ್ಕ ಯಾರೂ ಕೇಳಲಿಲ್ಲವಲ್ಲ ಎಂಬ ಕೊರಗು ನನಗಿದೆ.

ಇದನ್ನೇ ಹನೂರು ತಾಲ್ಲೂಕಿನ ನಮ್ಮ ಒಡೆಯರಪಾಳ್ಯದಲ್ಲಿ ಮಾಡಿದರೆ? ಮೊಬೈಲ್ ಎಲ್ಲರ ಕೈಯಲ್ಲೂ ಇದೆ, ಟಿ.ವಿ. ವಾಹನ ಬರುವುದು ಅಪರೂಪ. ಬೆಂಗಳೂರಿನ ಮುಜುಗರ ದೇಶಕ್ಕೆಲ್ಲ ಸುದ್ದಿ, ನಮ್ಮದು ವಾಟ್ಸ್‌ಆ್ಯಪ್ ಗುಂಪಿನೊಳಗೇ ಉಳಿಯುತ್ತದೆ. ಹಾಗೆಂದು ಸುಮ್ಮನಿರಬೇಕಿಲ್ಲ. ಕಂಸಾಳೆ ಕುಣಿದು ಜನ ಸೇರಿಸಿದ ಸೀಮೆ ಇದು. ನಂಜುಂಡಸ್ವಾಮಿ ವೇಷಕ್ಕಿಂತ ಚೆನ್ನಾಗಿ ಆರಿಸಿದ್ದು ದಿನವನ್ನು. ಮಹದೇಶ್ವರ ಬೆಟ್ಟದ ಯುಗಾದಿ ಜಾತ್ರೆಗೆ ಜನಸಾಗರ ಹನೂರಿನ ಮೂಲಕವೇ ಸಾಗುತ್ತದೆ. ಕಾಲೇಜು ಗೆಳೆಯರು ಮೊದಲು ಆ ದಿನ ಗುರುತು ಹಾಕಿಕೊಳ್ಳಲಿ.