ಒಂದು ಕೈ, 23 ವರ್ಷಗಳ ಕಾಯುವಿಕೆ

1972ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ವಿದ್ಯಾರ್ಥಿ ಎಡ್ ಕ್ಯಾಟ್‌ಮಲ್ ತಮ್ಮ ಎಡಗೈಯ ಪ್ಲಾಸ್ಟರ್ ಪ್ರತಿಕೃತಿ ಮಾಡಿ, ಅದರ ಮೇಲೆ ಶಾಯಿಯಲ್ಲಿ ಸುಮಾರು 350 ಪುಟ್ಟ ತ್ರಿಕೋನ, ಬಹುಭುಜಗಳನ್ನು ಗೀಚಿದರು. ಆ ಮೂಲೆಗಳ ಅಳತೆಯನ್ನು ಕಂಪ್ಯೂಟರಿಗೆ ಉಣಿಸಿದಾಗ ಪರದೆಯ ಮೇಲೆ ಬೆರಳುಗಳು ಮಡಚಿ ಬಿಚ್ಚಿಕೊಂಡವು. ಪೂರ್ತಿ ಕಂಪ್ಯೂಟರಿನಲ್ಲೇ ತಯಾರಾದ ಮೊದಲ ಕಥಾಚಿತ್ರ 'ಟಾಯ್ ಸ್ಟೋರಿ' ಬಂದದ್ದು 1995ರಲ್ಲಿ. ಈ 23 ವರ್ಷಗಳೇ ಅವರ ನಿಜವಾದ ಕಥೆ. ಉದ್ಯಮಶೀಲತೆ ಎಂದರೆ ದಿಢೀರ್ ಲಾಭವೆಂದು ನಂಬಿರುವ ನಾವು ಇದನ್ನು ನಿಧಾನವಾಗಿ ಓದಬೇಕು. ಯೂಟಾದ ಆ ಸಂಶೋಧನೆಗೆ ಅಮೆರಿಕ ಸರ್ಕಾರದ ರಕ್ಷಣಾ ಸಂಶೋಧನಾ ಸಂಸ್ಥೆಯ ಹಣವಿತ್ತು. ಯಾವ ವಸ್ತು ಮುಂದೆ, ಯಾವುದು ಹಿಂದೆ ಎಂದು ಚುಕ್ಕೆ ಚುಕ್ಕೆಗೂ ಲೆಕ್ಕವಿಡುವ ವಿಧಾನವನ್ನೂ ಮೇಲ್ಮೈಗೆ ಚಿತ್ರ ಹೊದಿಸುವ ತಂತ್ರವನ್ನೂ ಅವರು 1974ರ ಪಿಎಚ್‌ಡಿ ಪ್ರಬಂಧದಲ್ಲೇ ವಿವರಿಸಿದ್ದರು. ಅವತ್ತು ಅದಕ್ಕೆ ಮಾರುಕಟ್ಟೆ ಎಲ್ಲಿತ್ತು?

1986ರಲ್ಲಿ ಸ್ಟೀವ್ ಜಾಬ್ಸ್ ಹಣ ಹಾಕದಿದ್ದರೆ, 'ಟಾಯ್ ಸ್ಟೋರಿ' ತಯಾರಿಸಿದ, ಕ್ಯಾಟ್‌ಮಲ್ ಸಹಸ್ಥಾಪಕರಾದ ಪಿಕ್ಸರ್ ಸ್ಟುಡಿಯೋ ಎಲ್ಲಿರುತ್ತಿತ್ತು ಎಂದು ಕೇಳುವವರಿದ್ದಾರೆ. ಪ್ರಶ್ನೆ ಸರಿಯೇ, ವರ್ಷಗಟ್ಟಲೆ ನಷ್ಟವನ್ನು ಹೊತ್ತವರು ಜಾಬ್ಸ್. ಆದರೆ ಅವರು ಕೊಂಡದ್ದು ಅದಾಗಲೇ ಹದಗೊಂಡಿದ್ದ ತಂಡವನ್ನು. ಇನ್ನೊಂದು ಆಕ್ಷೇಪ ಇದಕ್ಕಿಂತ ತೂಕದ್ದು: ಪರಸ್ಪರರ ಕಲಾವಿದರನ್ನು ಸೆಳೆಯದಂತೆ ಸ್ಟುಡಿಯೋಗಳು ಮಾಡಿಕೊಂಡ ಒಳ ಒಪ್ಪಂದವನ್ನು ಕ್ಯಾಟ್‌ಮಲ್ ಸಮರ್ಥಿಸಿಕೊಂಡಿದ್ದರು. ಆ ಒಪ್ಪಂದದ ವಿರುದ್ಧದ ಮೊಕದ್ದಮೆಯಲ್ಲಿ ಡಿಸ್ನಿ, ಪಿಕ್ಸರ್, ಲೂಕಾಸ್‌ಫಿಲ್ಮ್ 2017ರಲ್ಲಿ 10 ಕೋಟಿ ಡಾಲರ್ ಕೊಡಲು ಒಪ್ಪಿದವು. ಇದನ್ನು ಮುಚ್ಚಿಟ್ಟು ಕ್ಯಾಟ್‌ಮಲ್ ಅವರನ್ನು ಹೊಗಳುವುದು ತಪ್ಪು. ಕಂಪ್ಯೂಟರ್ ವಿಜ್ಞಾನಕ್ಕೆ ಕೊಡುವ ಟ್ಯೂರಿಂಗ್ ಪ್ರಶಸ್ತಿಯನ್ನು 2019ರ ಸಾಲಿಗೆ ಗ್ರಾಫಿಕ್ಸ್ ವಿಜ್ಞಾನಿ ಪ್ಯಾಟ್ ಹ್ಯಾನ್ರಹನ್ ಜೊತೆ ಅವರು ಹಂಚಿಕೊಂಡದ್ದು ವ್ಯವಹಾರಕ್ಕಲ್ಲ, ಯೂಟಾದಲ್ಲಿ ಶುರುವಾದ ಆ ಲೆಕ್ಕಾಚಾರಕ್ಕೆ.