ಚೆಂಡಿನ ಒಡೆಯರು ಯಾರು?

1969ರ ಜನವರಿಯಲ್ಲಿ ಬ್ಯಾಂಕಾಕಿನಲ್ಲಿ ನಡೆದ ಏಷ್ಯಾ ಕ್ಲಬ್ ಫುಟ್‌ಬಾಲ್ ಪಂದ್ಯಾವಳಿಯಲ್ಲಿ ಭಾರತದ ಪರವಾಗಿ ಆಡಿದ್ದು ಯಾವ ಧಣಿಯ ತಂಡವೂ ಅಲ್ಲ. ಆಗಿನ ನಮ್ಮ ಮೈಸೂರು ರಾಜ್ಯದ ತಂಡ. ಸಂತೋಷ್ ಟ್ರೋಫಿ ಗೆದ್ದಿದ್ದ ಆ ತಂಡ ಅಲ್ಲಿ ನಾಲ್ಕನೆಯದಾಯಿತು. ಮೂರನೆಯದಾದ ಜಪಾನಿನ ಟೋಯೋ ಕೋಗ್ಯೋ, ಹಿರೋಷಿಮಾದ ಮೋಟಾರು ಕಾರ್ಖಾನೆಯ ತಂಡ. ಕಾರ್ಖಾನೆಗೆ ಧಣಿಯಿದ್ದದ್ದು ನಿಜ. ಆದರೆ ಆಟಗಾರನು ಅಲ್ಲಿಯ ನೌಕರನೇ ಆಗಿದ್ದನು.

ಬೆಂಗಳೂರಿನಲ್ಲೂ ಎಚ್.ಎ.ಎಲ್., ಐ.ಟಿ.ಐ. ತಂಡಗಳು ಹೀಗೆಯೇ ಬೆಳೆದವು. ಕಾಲಿನ ಕಸುವು ಕುಂದಿದ ಮೇಲೂ ಸಂಬಳದ ಕೆಲಸ ಉಳಿಯುತ್ತಿತ್ತು. ಬಡವರ ಮಗ ಧೈರ್ಯವಾಗಿ ಚೆಂಡನ್ನು ಒದೆಯಲು ಅದೇ ಆಧಾರ.

2016ರಲ್ಲಿ ಬೆಂಗಳೂರು ಎಫ್.ಸಿ. ತಂಡ ಏ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯ ಮುಟ್ಟಿತು. ದೋಹಾದಲ್ಲಿ ಇರಾಕಿನ ವಾಯುಪಡೆಯ ತಂಡಕ್ಕೆ 0-1ರಿಂದ ಸೋತಿತು. ಆ ಕಪ್ಪಿನಲ್ಲಿ ಭಾರತದ ಯಾವ ಕ್ಲಬ್ಬೂ ಅಲ್ಲಿಯವರೆಗೆ ಅಷ್ಟು ದೂರ ಹೋಗಿರಲಿಲ್ಲ. ಆಟಗಾರರಿಗೆ ಶಹಭಾಸ್ ಎನ್ನೋಣ. ಆದರೆ ತಂಡ ಉಕ್ಕಿನ ಬಂಡವಳಿಗರದು. ಆಟಗಾರನ ಬಾಳು ಕರಾರಿನ ಕಾಗದದ ಮೇಲೆ ನಿಂತದ್ದು. ಮಿಲ್ಲಿನ ಬದಲಿ ಕೆಲಸಗಾರನಿಗೆ ಈ ಪಾಡನ್ನು ಯಾರೂ ವಿವರಿಸಬೇಕಾಗಿಲ್ಲ.

ಗೆಲವು ಬೇಡವೆನ್ನುವವರು ನಾವಲ್ಲ. ಆದರೆ ಬೇರಿಗೆ ನೀರೆರೆಯುವವರು ಯಾರು? ಸಾರ್ವಜನಿಕ ಕಾರ್ಖಾನೆಗಳು ಆಟಗಾರರನ್ನು ಖಾಯಂ ನೌಕರಿಗೆ ತೆಗೆದುಕೊಳ್ಳಲಿ. ಪುರಸಭೆಗಳು ಆಟದ ಬಯಲನ್ನು ಹರಾಜಿಗಿಡದಿರಲಿ. ಇದನ್ನು ನಾವು ಬೇಡುವುದಲ್ಲ, ಕೇಳಿ ಪಡೆಯಬೇಕು. ಕೂಲಿಯವನ ಮಗನೂ ಅಂಗಡಿಯವನ ಮಗನೂ ಒಟ್ಟಿಗೆ ಆಡಲು ಬಯಲಿಲ್ಲದ ನಾಡಿನಿಂದ ಬ್ಯಾಂಕಾಕಿಗೆ ಹೋದಂತಹ ಇನ್ನೊಂದು ತಂಡ ಏಳಲಾರದು.